ತಿರುಗುವ ತಟ್ಟೆ, ನಿಂತ ತಟ್ಟೆ, ನಡುವಿನ ನೀರು

(ನಮ್ಮ ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ರಾಮಸಮುದ್ರದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ. ಈಗ ಪಂಪು ತಯಾರಿಕೆಯಲ್ಲಿ ಎಂಜಿನಿಯರ್ ಆಗಿರುವ ಅವರ ಕೋರಿಕೆಯಂತೆ ಹೆಸರು ಹಾಕಿಲ್ಲ.)

 

ಈ ಸಭೆಯಲ್ಲಿ ಮಾತನಾಡಬೇಕು ಎಂದು ಹೇಳಿದಾಗ, ಯಾವ ವಿಷಯ ಎಂದು ಕೇಳಿದೆ. 'ನೀನು ಏನು ಓದಿದಿಯೋ ಅದನ್ನೇ ನಮಗೆ ತಿಳಿಯುವ ಹಾಗೆ ಹೇಳು' ಎಂದರು. ನಾನು ಓದಿದ್ದನ್ನು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು. ಒಂದು ತಟ್ಟೆ ತಿರುಗುತ್ತಿದೆ, ಅದರ ಎದುರಿಗೆ ಇನ್ನೊಂದು ತಟ್ಟೆ ಸುಮ್ಮನೆ ನಿಂತಿದೆ, ಎರಡರ ನಡುವೆ ನೀರಿದೆ. ಆ ನೀರು ಹೇಗೆ ಹರಿಯುತ್ತದೆ, ತಿರುಗುವ ತಟ್ಟೆಯನ್ನು ಎಷ್ಟು ಹಿಡಿದೆಳೆಯುತ್ತದೆ? ಇಷ್ಟೇ. ಇದನ್ನು ಕಲಿಯಲು ನಾಲ್ಕು ವರ್ಷ ಬೇಕಿತ್ತೇ ಎಂದು ನೀವು ಕೇಳಬಹುದು. ನಮ್ಮ ಭಾಗದ ಪ್ರತಿಯೊಂದು ಬೋರ್‌ವೆಲ್ಲಿನ ಒಳಗೆ ನಡೆಯುತ್ತಿರುವುದು ಇದೇ. ನಮ್ಮ ಮನೆಯಲ್ಲಿ ಒಂದು ವರ್ಷ ಒಲೆ ಉರಿಯುವುದೂ ಉರಿಯದಿರುವುದೂ ಇದರ ಮೇಲೆಯೇ ನಿಂತಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಗಿರಣಿಗೆ ಹೋಗೋಣ. ಹಿಟ್ಟಿನ ಗಿರಣಿಯಲ್ಲಿ ಎರಡು ಕಲ್ಲು. ಒಂದು ತಿರುಗುತ್ತದೆ, ಒಂದು ನಿಂತಿರುತ್ತದೆ. ಜೋಳ ನಡುವೆ ಬಿದ್ದು, ಅಂಚಿನಿಂದ ಹಿಟ್ಟಾಗಿ ಹೊರಗೆ ಬರುತ್ತದೆ. ಗಿರಣಿಯವರು ಚಕ್ರ ತಿರುಗಿಸಿ ಎರಡು ಕಲ್ಲಿನ ಅಂತರ ಹೆಚ್ಚುಕಡಿಮೆ ಮಾಡುವುದನ್ನು ನೀವು ನೋಡಿದ್ದೀರಿ. ಅಂತರ ಬಿಗಿಯಾದರೆ ಹಿಟ್ಟು ನುಣ್ಣಗಾಗುತ್ತದೆ, ಆದರೆ ಬಿಸಿಯಾಗುತ್ತದೆ, ಮೋಟಾರಿನ ಮೇಲೆ ಭಾರ ಬೀಳುತ್ತದೆ. ಜೋಳ ನೀರಲ್ಲ, ನಿಜ. ಆದರೂ ಮೂರು ಮಾತು ಇಲ್ಲಿಯೇ ಸಿಕ್ಕವು: ತಿರುಗುವುದು ಹೊರಗೆ ಎಸೆಯುತ್ತದೆ, ನಿಂತದ್ದು ತಡೆಯುತ್ತದೆ, ನಡುವಿನ ಅಂತರ ಎಷ್ಟು ಎಂಬುದರ ಮೇಲೆ ಎಲ್ಲ ನಿರ್ಧಾರವಾಗುತ್ತದೆ.

ಇನ್ನು ನೀರಿಗೆ ಬರೋಣ. ಮಕ್ಕಳು ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಕುದಿಸಿ ಸೋಸಿದ ಚಹಾಪುಡಿಯನ್ನು ಒಂದು ಚಿಟಿಕೆ ಹಾಕಿ. ಚಮಚದಿಂದ ಗರಗರ ತಿರುಗಿಸಿ, ಚಮಚ ತೆಗೆದುಬಿಡಿ. ಸುತ್ತುವ ನೀರಿನಲ್ಲಿ ಪುಡಿ ಅಂಚಿಗೆ ಹೋಗಬೇಕು ಎಂದು ನಿಮಗೆ ಅನಿಸುತ್ತದೆ. ಆದರೆ ತಳದ ಪುಡಿ ಬಂದು ನಟ್ಟನಡುವೆ ಗುಡ್ಡೆಯಾಗುತ್ತದೆ. ಯಾಕೆ?

ನೀರು ಸುತ್ತುವಾಗ ಹೊರಗಿನ ಅಂಚಿನಲ್ಲಿ ಒತ್ತಡ ಹೆಚ್ಚು, ನಡುವೆ ಕಡಿಮೆ. ಮೇಲಿನ ನೀರು ಜೋರಾಗಿ ಸುತ್ತುತ್ತಿರುವುದರಿಂದ ಹೊರಗೆ ಹೋಗುವ ಅದರ ಸೆಳೆತವೂ, ಒಳಗೆ ತಳ್ಳುವ ಒತ್ತಡವೂ ಸರಿಸಮ ಆಗಿರುತ್ತವೆ. ಆದರೆ ಲೋಟದ ತಳಕ್ಕೆ ಅಂಟಿದ ನೀರನ್ನು ಗಾಜು ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ಹೊರಗೆ ಹೋಗುವ ಶಕ್ತಿ ಉಳಿದಿಲ್ಲ. ಮೇಲಿನ ಒತ್ತಡ ಮಾತ್ರ ಹಾಗೆಯೇ ಇದೆ. ಹಾಗಾಗಿ ತಳದ ನೀರು ನಡುವಿಗೆ ಸರಿಯುತ್ತದೆ, ಪುಡಿಯನ್ನೂ ಎಳೆದು ತರುತ್ತದೆ. 1926ರಲ್ಲಿ ಐನ್‌ಸ್ಟೈನ್ ಈ ಚಹಾಪುಡಿಯ ಬಗ್ಗೆಯೇ ಒಂದು ಲೇಖನ ಬರೆದರು. ಅವರು ಅಲ್ಲಿ ಉತ್ತರ ಹುಡುಕುತ್ತಿದ್ದದ್ದು ನದಿಗಳು ಯಾಕೆ ಡೊಂಕು ಡೊಂಕಾಗಿ ಹರಿಯುತ್ತವೆ ಎಂಬ ಪ್ರಶ್ನೆಗೆ. ನಮ್ಮ ಭೀಮಾ ನದಿಯ ತಿರುವಿನಲ್ಲೂ ಇದೇ ನಡೆಯುತ್ತದೆ. ಹೊರದಂಡೆ ಕೊರೆಯುತ್ತದೆ, ಒಳದಂಡೆಯಲ್ಲಿ ಉಸುಕು ಕೂಡುತ್ತದೆ.

ಲೋಟದ ತಳ ಅಂದರೆ ನಿಂತ ತಟ್ಟೆ. ಅದರ ಮೇಲೆ ನೀರು ಒಳಗೆ ಸರಿಯುತ್ತದೆ. ತಿರುಗುವ ತಟ್ಟೆಯ ಮೇಲೆ ಇದರ ಉಲ್ಟಾ. ತಟ್ಟೆ ತನಗೆ ಅಂಟಿದ ನೀರನ್ನು ಸುತ್ತಿಸಿ ಅಂಚಿಗೆ ಎಸೆಯುತ್ತದೆ. ಇದರ ಪೂರ್ತಿ ಲೆಕ್ಕವನ್ನು 1921ರಲ್ಲಿ ಮೊದಲು ಮಾಡಿದವರು ಥಿಯೋಡೋರ್ ಫಾನ್ ಕಾರ್ಮಾನ್. ಈಗ ಎರಡೂ ತಟ್ಟೆಗಳನ್ನು ಎದುರುಬದುರು ಇಟ್ಟು ಸುತ್ತ ಮುಚ್ಚಿಬಿಡಿ. ತಿರುಗುವ ತಟ್ಟೆಯ ಬಳಿ ನೀರು ಹೊರಗೆ ಹೋಗುತ್ತದೆ, ಅಂಚಿನಲ್ಲಿ ತಿರುಗಿ, ನಿಂತ ತಟ್ಟೆಯ ಮೇಲೆ ಒಳಗೆ ಬರುತ್ತದೆ. ಹೀಗೆ ಒಂದು ಸುತ್ತು ಏರ್ಪಡುತ್ತದೆ.

ಹಾಗಾದರೆ ನಟ್ಟನಡುವಿನ ನೀರು ಏನು ಮಾಡುತ್ತದೆ? ಇಲ್ಲಿ ಇಬ್ಬರು ದೊಡ್ಡ ವಿದ್ವಾಂಸರಿಗೆ ಒಮ್ಮತ ಆಗಲಿಲ್ಲ. 1951ರಲ್ಲಿ ಜಾರ್ಜ್ ಬ್ಯಾಚಲರ್, ನಡುವಿನ ನೀರು ಒಂದು ಗಟ್ಟಿ ಗಾಲಿಯ ಹಾಗೆ ತಟ್ಟೆಗಿಂತ ಕಡಿಮೆ ವೇಗದಲ್ಲಿ ಸುತ್ತುತ್ತದೆ ಎಂದರು. 1953ರಲ್ಲಿ ಕೀತ್ ಸ್ಟೀವರ್ಟ್‌ಸನ್, ಇಲ್ಲ, ನಡುವಿನ ನೀರು ಸುತ್ತುವುದೇ ಇಲ್ಲ ಎಂದರು. ಈ ಚರ್ಚೆ ಹಲವು ದಶಕ ನಡೆಯಿತು. ಕೊನೆಗೆ ತಿಳಿದದ್ದು ಏನೆಂದರೆ, ಸುತ್ತಲೂ ಮುಚ್ಚಿದ ಡಬ್ಬಿಯಲ್ಲಿ ಬ್ಯಾಚಲರ್ ಹೇಳಿದಂತೆ ಆಗುತ್ತದೆ, ಅಂಚು ತೆರೆದಿದ್ದರೆ ಸ್ಟೀವರ್ಟ್‌ಸನ್ ಹೇಳಿದಂತೆ ಆಗಬಹುದು. ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿ. ಪಂಪಿನ ಒಳಗಿನದು ಮುಚ್ಚಿದ ಡಬ್ಬಿ. ಅಲ್ಲಿ ನಡುವಿನ ನೀರು ತಟ್ಟೆಯ ವೇಗದ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ಸುತ್ತುತ್ತಿರುತ್ತದೆ.

ಈಗ ಬೋರ್‌ವೆಲ್ಲಿಗೆ ಇಳಿಯೋಣ. ಸಬ್‌ಮರ್ಸಿಬಲ್ ಸೆಟ್ಟಿನಲ್ಲಿ ಮೋಟಾರ್ ಕೆಳಗೆ, ಪಂಪು ಮೇಲೆ. ಪಂಪಿನ ಒಳಗೆ ಒಂದರ ಮೇಲೊಂದು ಇಂಪೆಲ್ಲರ್‌ಗಳು. ಪ್ರತಿ ಇಂಪೆಲ್ಲರ್ ಒಂದು ತಿರುಗುವ ತಟ್ಟೆ, ಅದರ ಸುತ್ತಲಿನ ಬಟ್ಟಲು ನಿಂತ ತಟ್ಟೆ. ಮೋಟಾರ್ ಒಂದು ನಿಮಿಷಕ್ಕೆ ಸುಮಾರು 2850 ಸುತ್ತು ಹೊಡೆಯುತ್ತದೆ. ಇಂಪೆಲ್ಲರ್ ನಾಲ್ಕು ಇಂಚಿನದು ಎಂದುಕೊಂಡರೆ ಅದರ ಅಂಚು ಗಂಟೆಗೆ 50 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಯಾದಗಿರಿ ಬಸ್ಸು ಊರು ದಾಟಿದ ಮೇಲೆ ಓಡುವ ವೇಗ ಅದು. ಅಷ್ಟು ವೇಗದ ತಟ್ಟೆಯನ್ನು ಎರಡೂ ಬದಿಯಿಂದ ನೀರು ಹಿಡಿದು ಎಳೆಯುತ್ತದೆ. ಈ ಎಳೆತಕ್ಕೆ ಹೋಗುವ ಕರೆಂಟು ಒಂದು ಹನಿ ನೀರನ್ನೂ ಮೇಲೆ ಎತ್ತುವುದಿಲ್ಲ, ನೀರನ್ನು ತುಸು ಬಿಸಿ ಮಾಡುತ್ತದೆ ಅಷ್ಟೇ. ನಯವಾದ ನಾಲ್ಕು ಇಂಚಿನ ತಟ್ಟೆಗೆ ನಾನು ಲೆಕ್ಕ ಹಾಕಿದರೆ ಸುಮಾರು 20 ವಾಟ್ ಬರುತ್ತದೆ. ಹದಿನೈದು ಸ್ಟೇಜಿನ ಪಂಪಿಗೆ ಸುಮಾರು 300 ವಾಟ್. 5 ಎಚ್‌ಪಿ ಮೋಟಾರಿನ ಶಕ್ತಿಯಲ್ಲಿ ಹನ್ನೆರಡನೇ ಒಂದು ಪಾಲು ಹೀಗೆಯೇ ಹೋಗುತ್ತದೆ. ಉಸುಕು ತಿಂದು ತಟ್ಟೆ ಒರಟಾದರೆ ಇನ್ನೂ ಹೆಚ್ಚು. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟ್ ಬಿಲ್ ಇಲ್ಲ. ಹಾಗಾಗಿ ರೈತನಿಗೆ ಈ ನಷ್ಟ ಕಾಣುವುದಿಲ್ಲ. ಆದರೆ ಇಡೀ ರಾಜ್ಯದ ಪಂಪುಗಳನ್ನು ಕೂಡಿಸಿದರೆ ಯಾರೋ ಒಬ್ಬರು ಅದರ ಬೆಲೆ ಕೊಡಲೇಬೇಕು.

ಇಲ್ಲಿ ವಿದ್ಯಾರ್ಥಿಗಳು ಒಂದು ಲೆಕ್ಕ ಗಮನಿಸಿ. ತಟ್ಟೆಯ ಅಗಲ ಎರಡು ಪಟ್ಟು ಮಾಡಿ ಅದೇ ವೇಗದಲ್ಲಿ ತಿರುಗಿಸಿದರೆ, ನೀರು ನಾಲ್ಕು ಪಟ್ಟು ಎತ್ತರಕ್ಕೆ ಏರುತ್ತದೆ. ಆದರೆ ಎಳೆತದ ನಷ್ಟ ಹೆಚ್ಚುಕಡಿಮೆ ಅಗಲದ ಐದನೇ ಘಾತದಂತೆ ಏರುತ್ತದೆ, ಅಂದರೆ ಸುಮಾರು 32 ಪಟ್ಟು. ಅದೇ ನಾಲ್ಕು ಚಿಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರೂ ನೀರು ಅಷ್ಟೇ ಎತ್ತರಕ್ಕೆ ಹೋಗುತ್ತದೆ, ನಷ್ಟ ಬರೀ ನಾಲ್ಕು ಪಟ್ಟು. ಬೋರ್‌ವೆಲ್ ಇಕ್ಕಟ್ಟಾದದ್ದು, ದೊಡ್ಡ ತಟ್ಟೆ ಹಿಡಿಸುವುದೇ ಇಲ್ಲ ಎಂಬುದು ಬೇರೆ ಮಾತು. ಆದರೆ ಹಿಡಿಸಿದ್ದರೂ ಚಿಕ್ಕವು ಹಲವು ಇರುವುದೇ ಲಾಭ. ನಮ್ಮ ಟ್ರಸ್ಟಿನ ಲೆಕ್ಕಪತ್ರ ಓದುವಾಗ, ಹತ್ತು, ಇಪ್ಪತ್ತು, ನೂರು ರೂಪಾಯಿ ಕೊಟ್ಟವರ ಉದ್ದ ಪಟ್ಟಿ ನೋಡಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ.

ಇಷ್ಟು ಹೊತ್ತು ಎಳೆತ ಎಂದರೆ ನಷ್ಟ ಎಂದೇ ಹೇಳಿದೆ. ಈಗ ಅದೇ ಎಳೆತ ಉಪಕಾರ ಮಾಡುವ ಜಾಗ ತೋರಿಸುತ್ತೇನೆ. ಪಂಪು ನೀರನ್ನು ಮೇಲೆ ತಳ್ಳಿದರೆ ನೀರು ಪಂಪಿನ ಶಾಫ್ಟನ್ನು ಕೆಳಗೆ ತಳ್ಳುತ್ತದೆ. 500 ಅಡಿ ಮೇಲಕ್ಕೆ ನೀರೆತ್ತುವ ಪಂಪಿನ ಇಂಪೆಲ್ಲರಿನ ಬಾಯಿ ಎರಡು ಇಂಚು ಇದ್ದರೆ, ಆ ಭಾರ ಸುಮಾರು ಮೂರು ಕ್ವಿಂಟಲ್ ಆಗುತ್ತದೆ. ತೊಗರಿಯ ಮೂರು ಮೂಟೆಯನ್ನು ತಲೆಯ ಮೇಲೆ ಹೊತ್ತು ಸೆಕೆಂಡಿಗೆ 47 ಸುತ್ತು ಗಿರಗಿರ ತಿರುಗಿದ ಹಾಗೆ. ಈ ಭಾರ ಹೊರುವುದು ಮೋಟಾರಿನ ತಳದಲ್ಲಿರುವ ಥ್ರಸ್ಟ್ ಬೇರಿಂಗ್. ಅದೂ ಎರಡು ತಟ್ಟೆಗಳೇ. ಒಂದು ಕಾರ್ಬನ್ ತಟ್ಟೆ, ಎದುರಿಗೆ ಸ್ಟೀಲಿನ ನುಣುಪಾದ ತುಂಡುಗಳು. ಒಂದು ಕಡೆಯದು ತಿರುಗುತ್ತದೆ, ಇನ್ನೊಂದು ನಿಂತಿರುತ್ತದೆ. ನೀರು ತುಂಬುವ ಮೋಟಾರಿನಲ್ಲಿ ಇವುಗಳಿಗೆ ಎಣ್ಣೆ ಇಲ್ಲ, ಗ್ರೀಸ್ ಇಲ್ಲ. ನಡುವೆ ಇರುವುದು ನೀರು ಮಾತ್ರ.

ಆ ಸ್ಟೀಲ್ ತುಂಡುಗಳು ಕೂದಲೆಳೆಗಿಂತ ಕಡಿಮೆ ಓರೆಯಾಗಬಲ್ಲವು. ಓರೆಯಾದಾಗ ಮುಂದೆ ಅಗಲ, ಹಿಂದೆ ಕಿರಿದು ಆದ ಒಂದು ಸಂದಿ ಏರ್ಪಡುತ್ತದೆ. ತಿರುಗುವ ತಟ್ಟೆ ತನಗೆ ಅಂಟಿದ ನೀರನ್ನು ಆ ಕಿರಿದಾಗುವ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಸಂತೆಯ ಜನ ಇಕ್ಕಟ್ಟಾದ ಓಣಿಗೆ ನುಗ್ಗಿದ ಹಾಗೆ ಅಲ್ಲಿ ಒತ್ತಡ ಏರುತ್ತದೆ. ಆ ಒತ್ತಡವೇ ಮೂರು ಕ್ವಿಂಟಲ್ ಭಾರವನ್ನು ಎತ್ತಿ ಹಿಡಿಯುತ್ತದೆ. ನೀರಿನ ಪದರದ ದಪ್ಪ ಎಷ್ಟು ಗೊತ್ತೇ? ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಕೆಲವೇ ಭಾಗ. ನಮ್ಮ ತಲೆಗೂದಲು ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಈ ಉಪಾಯವನ್ನು ಆಸ್ಟ್ರೇಲಿಯಾದ ಮಿಚೆಲ್ ಮತ್ತು ಅಮೆರಿಕದ ಕಿಂಗ್ಸ್‌ಬರಿ ಎಂಬ ಎಂಜಿನಿಯರುಗಳು ನೂರಕ್ಕೂ ಹೆಚ್ಚು ವರ್ಷದ ಹಿಂದೆ ಬೇರೆ ಬೇರೆಯಾಗಿಯೇ ಕಂಡುಹಿಡಿದರು. 1912ರಲ್ಲಿ ಅಮೆರಿಕದ ಹೋಲ್ಟ್‌ವುಡ್ ಜಲವಿದ್ಯುತ್ ಕೇಂದ್ರದಲ್ಲಿ ಕೂಡಿಸಿದ ಕಿಂಗ್ಸ್‌ಬರಿ ಬೇರಿಂಗ್ ನೂರು ವರ್ಷ ದಾಟಿ ಬಾಳಿತು. ನಡುವೆ ಎಣ್ಣೆಯ ಪದರ ಇರುವವರೆಗೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ, ಮುಟ್ಟದಿದ್ದರೆ ಸವೆಯುವುದಿಲ್ಲ.

ಪಂಪಿನಲ್ಲಿ ಮೇಲೆ ಕರೆಂಟು ತಿನ್ನುವ ಎಳೆತವೂ, ಕೆಳಗೆ ಭಾರ ಹೊರುವ ಎಳೆತವೂ ಒಂದೇ. ಎರಡು ತಟ್ಟೆ, ನಡುವೆ ನೀರು. ಅದನ್ನು ತಿಳಿದವನಿಗೆ ಅದು ಕೆಲಸದಾಳು, ತಿಳಿಯದವನಿಗೆ ಕಳ್ಳ.

ಈಗ ನಾನು ಮೊದಲು ಹೇಳಿದ ಮಾತಿಗೆ ಬರುತ್ತೇನೆ. ನಮ್ಮ ಅಬ್ಬಾ ಮೋಟಾರ್ ರಿಪೇರಿ ಮಿಸ್ತ್ರಿ ಎಂದು ಇಲ್ಲಿ ಬಹಳ ಮಂದಿಗೆ ಗೊತ್ತು. ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದಾಗ ಬೇಸಿಗೆ ಶೇಂಗಾ ಹಾಕಿದ್ದ ಒಬ್ಬ ರೈತರ ಮೋಟಾರ್ ರಿಪೇರಿಗೆ ಬಂತು. ಅಬ್ಬಾ ವೈಂಡಿಂಗ್ ಮಾಡಿ, ಹೊಸ ಕಾರ್ಬನ್ ಕೂಡಿಸಿ ಹೊಲಕ್ಕೆ ತಂದರು. ಬೋರಿಗೆ ಇಳಿಸುವ ಮುಂಚೆ ಮೋಟಾರಿಗೆ ಶುದ್ಧ ನೀರು ತುಂಬಬೇಕು. ಆ ಕೆಲಸ ನನ್ನದು. ಅಬ್ಬಾ ಪ್ರತಿ ಸಾರಿ ಒಂದೇ ಮಾತು ಹೇಳುತ್ತಿದ್ದರು: ಗುಳ್ಳೆ ಬರುವುದು ಪೂರಾ ನಿಲ್ಲಬೇಕು, ಅಲ್ಲಾಡಿಸಿ ಮತ್ತೆ ನೋಡಬೇಕು, ಆಮೇಲೆಯೇ ಬೋಲ್ಟ್ ಹಾಕಬೇಕು. ಅವತ್ತು ಊರಲ್ಲಿ ಕ್ರಿಕೆಟ್ ಫೈನಲ್. ತ್ರೀ ಫೇಸ್ ಬರುವ ಹೊತ್ತೂ ಆಗಿತ್ತು. ಗುಳ್ಳೆ ಇನ್ನೂ ಬರುತ್ತಿತ್ತು. ನಾನು ಬೋಲ್ಟ್ ಬಿಗಿದುಬಿಟ್ಟೆ.

ಹನ್ನೆರಡನೇ ದಿನ ಮೋಟಾರ್ ಹಿಡಿದುಕೊಂಡಿತು. ಮೇಲೆ ಎತ್ತಿ ಬಿಚ್ಚಿದರೆ ಕಾರ್ಬನ್ ತಟ್ಟೆ ಗೀರುಬಿದ್ದು ಒಡೆದಿತ್ತು, ವೈಂಡಿಂಗ್ ಸುಟ್ಟಿತ್ತು. ತಾನು ಹಾಕಿದ ಕಾರ್ಬನ್ ಕಚ್ಚಾ ಇತ್ತೇನೋ ಎಂದು ಅಬ್ಬಾ ತಿಳಿದರು. ಆ ರೈತರು ಜಗಳವಾಡಲಿಲ್ಲ. 'ಏನ್ ಮಾಡ್ಲಿಕ್ಕ ಬರ್ತದ ಮಿಸ್ತ್ರಿ, ಮಶೀನ್ ಅದ, ಕೆಡ್ತದ' ಅಂದರು. ಆದರೆ ಮತ್ತೆ ಸರಿಮಾಡಿ ಇಳಿಸುವಷ್ಟರಲ್ಲಿ ಅರ್ಧ ಹೊಲದ ಶೇಂಗಾ ಒಣಗಿತ್ತು. ಅಬ್ಬಾ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಎರಡನೇ ಸಲದ ತಾಮ್ರದ ತಂತಿ, ಕಾರ್ಬನ್, ಎಲ್ಲವನ್ನೂ ಕೈಯಿಂದ ಹಾಕಿದರು. ಅದು ನನ್ನ ಕಾಲೇಜಿಗೆ ಎಂದು ಅಮ್ಮಿ ಕೂಡಿಟ್ಟ ಹಣ. ನಾನು ಬಾಯಿ ಬಿಡಲಿಲ್ಲ.

ಆ ವರ್ಷ ನನ್ನ ಫೀಸು ಕಟ್ಟಿದ್ದು ಈ ಟ್ರಸ್ಟ್. ಅರ್ಜಿಯಲ್ಲಿ 'ಕುಟುಂಬದ ತೊಂದರೆಗೆ ಕಾರಣ' ಎಂಬ ಜಾಗದಲ್ಲಿ 'ವ್ಯಾಪಾರದಲ್ಲಿ ನಷ್ಟ' ಎಂದು ನನ್ನ ಕೈಯಿಂದಲೇ ಬರೆದೆ. ಕಾರಣ ನಾನೇ ಎಂದು ಬರೆಯುವ ಧೈರ್ಯ ಇರಲಿಲ್ಲ. ಇವತ್ತು ದಾನಿಗಳ ಎದುರಿಗೆ ಆ ಅರ್ಜಿಯನ್ನು ತಿದ್ದುತ್ತಿದ್ದೇನೆ.

ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ನಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಥ್ರಸ್ಟ್ ಬೇರಿಂಗಿನ ಚಿತ್ರ ಬರೆದು, ಸಂದಿಯಲ್ಲಿ ಗಾಳಿ ಸೇರಿದರೆ ನೀರಿನ ಪದರ ಒಡೆಯುತ್ತದೆ, ತಟ್ಟೆ ತಟ್ಟೆಯನ್ನು ಉಜ್ಜುತ್ತದೆ ಎಂದು ವಿವರಿಸಿದರು. ನನಗೆ ಮುಂದಿನ ಮಾತು ಕೇಳಿಸಲಿಲ್ಲ. ಅದೊಂದೇ ಕಾರಣ ಎಂದು ಈಗಲೂ ಪ್ರಮಾಣ ಮಾಡಲಾರೆ. ಆದರೆ ಆ ಗೀರುಗಳು ನನ್ನ ಕಣ್ಣಿಗೆ ಕಟ್ಟಿದ್ದವು. ಅಬ್ಬಾ ಪುಸ್ತಕ ಓದದೆ, ವರ್ಷಗಟ್ಟಲೆ ಕೈಯಿಂದ ಕಲಿತು, ಗುಳ್ಳೆ ನಿಲ್ಲುವವರೆಗೆ ಕಾಯಬೇಕು ಎಂದು ಹೇಳುತ್ತಿದ್ದರು. ಯಾಕೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾಕೆ ಎಂದು ತಿಳಿದಿದ್ದರೆ ಕ್ರಿಕೆಟ್ ಬಿಟ್ಟು ಕಾಯುತ್ತಿದ್ದೆನೇನೋ.

ರಂಜಾನಿಗೆ ಊರಿಗೆ ಬಂದಾಗ ಅಬ್ಬಾನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: 'ಆ ರೈತನಿಗೆ ಹೇಳಿದಿಯಾ?' ಮರುದಿನವೇ ಗಾಡಿ ಹತ್ತಿಸಿಕೊಂಡು ಅವರ ಹೊಲಕ್ಕೆ ಕರೆದೊಯ್ದರು. ನಾನು ತಪ್ಪು ಒಪ್ಪಿಕೊಂಡೆ. ಅವರು ಕೇಳಿಸಿಕೊಂಡು, 'ಇರ್ಲಿ ಬಿಡು ತಮ್ಮ. ಕಲ್ತಿ ಅಲ್ಲ? ಹಂಗಾದ್ರ ನಮ್ಮ ಮೋಟಾರ್ ಈಗ ನೀರು ಕಮ್ಮಿ ಯಾಕ ಹೊಡಿಲಿಕ್ಕತ್ತದ ನೋಡು' ಅಂದರು. ನಾನು ಎಳೆತ, ಉಸುಕು, ಸವೆತ ಎಂದು ಯೋಚಿಸುತ್ತಾ ನಿಂತೆ. ಅಬ್ಬಾ ಕರೆಂಟ್ ಬಂದ್ ಮಾಡಿ, ಸ್ಟಾರ್ಟರಿನಲ್ಲಿ ಎರಡು ವೈರ್ ಅದಲುಬದಲು ಮಾಡಿದರು. ಲೈನ್ ರಿಪೇರಿಯಾದ ಮೇಲೆ ಫೇಸ್ ಉಲ್ಟಾ ಆಗಿ ಮೋಟಾರ್ ಹಿಂದುಮುಂದಾಗಿ ತಿರುಗುತ್ತಿತ್ತು. ನೀರು ಭರ್ತಿ ಬಂತು. ಓದಿದವನು ನಾನು, ಸರಿ ಮಾಡಿದವರು ಅವರು.

ಈ ಓದು ಕೈಕೆಲಸದಿಂದ ಬಹಳ ದೂರದ್ದು ಎಂದು ತಿಳಿಯಬೇಡಿ. ಸತೀಶ್ ಧವನ್ ಅವರ ಹೆಸರು ಕೇಳಿದ್ದೀರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬಹಳ ವರ್ಷ ನಡೆಸಿದವರು, ಇಸ್ರೋದ ಅಧ್ಯಕ್ಷರಾಗಿದ್ದವರು. 1951ರಲ್ಲಿ ಅವರು ಡಾಕ್ಟರೇಟ್ ಪಡೆದದ್ದು ಇದೇ ಎಳೆತವನ್ನು ಅಳೆದು. ಗಾಳಿ ಹರಿಯುವ ಗೋಡೆಯಲ್ಲಿ ಒಂದು ಸಣ್ಣ ತುಂಡನ್ನು ಬಿಡಿಯಾಗಿ ತೇಲಬಿಟ್ಟು, ಗಾಳಿ ಅದನ್ನು ಎಷ್ಟು ಎಳೆಯುತ್ತದೆ ಎಂದು ನೇರವಾಗಿ ಅಳೆದರು. ಅಷ್ಟು ನಾಜೂಕಿನ ತಕ್ಕಡಿ ಮಾಡುವುದಕ್ಕೂ ಮಿಸ್ತ್ರಿಯ ಕೈಯೇ ಬೇಕು.

ಕೊನೆಗೆ ಮೂರು ಮಾತು ಹೇಳಿ ಮುಗಿಸುತ್ತೇನೆ.

ಹೊಲ ಇರುವವರಿಗೆ: ನೀರು ತುಂಬುವ ಮೋಟಾರಾದರೆ ಗುಳ್ಳೆ ಪೂರಾ ನಿಲ್ಲುವವರೆಗೆ ಬೋಲ್ಟ್ ಹಾಕಲು ಬಿಡಬೇಡಿ. ಸುಮ್ಮಸುಮ್ಮನೆ ಚಾಲೂ ಬಂದ್ ಮಾಡಬೇಡಿ. ತಟ್ಟೆ ವೇಗ ಹಿಡಿಯುವವರೆಗೆ ನೀರಿನ ಪದರ ಕೂಡುವುದಿಲ್ಲ, ಪ್ರತಿ ಸ್ಟಾರ್ಟಿಗೂ ಕಾರ್ಬನ್ ಒಂದಿಷ್ಟು ಉಜ್ಜಿಕೊಳ್ಳುತ್ತದೆ. ಲೈನ್ ಕೆಲಸವಾದ ಮೇಲೆ ನೀರು ಒಮ್ಮೆಲೇ ಕಡಿಮೆಯಾದರೆ ಪಂಪು ಎತ್ತಿಸುವ ಮುಂಚೆ ಫೇಸ್ ನೋಡಿಸಿ. ಉಸುಕು ಬರುವ ಬೋರಿನಲ್ಲಿ ಪಂಪನ್ನು ತಳಕ್ಕೆ ತಾಗುವಷ್ಟು ಇಳಿಸಬೇಡಿ.

ಅರ್ಜಿ ಹಾಕುವ ಕುಟುಂಬಗಳಿಗೆ: ಐಟಿಐ, ಡಿಪ್ಲೊಮಾ ಓದುವ ಮಕ್ಕಳನ್ನು ಕಡಿಮೆ ಎಂದು ತಿಳಿಯಬೇಡಿ. ವೈಂಡಿಂಗ್, ಫಿಟ್ಟಿಂಗ್ ಕಲಿಯುವ ಹುಡುಗನಿಗೂ ಹುಡುಗಿಗೂ ಅರ್ಜಿ ಹಾಕಿಸಿ. ಮಕ್ಕಳು ಯಾಕೆ ಎಂದು ಕೇಳಿದರೆ ಬೈಯಬೇಡಿ. ನಿಮಗೆ ಉತ್ತರ ತಿಳಿಯದಿದ್ದರೆ ಅದನ್ನು ಹುಡುಕಲೆಂದೇ ಶಾಲೆಗೆ ಕಳಿಸಿ. ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ದಾನಿಗಳಿಗೆ: ಬಾಯಾರಿದವರಿಗೆ ನೀರು ಕೊಡುವುದು ದೊಡ್ಡ ಸದಕಾ ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಒಂದು ಪಂಪು ಕೆಡದ ಹಾಗೆ ನೋಡಿಕೊಳ್ಳಲು ಒಬ್ಬ ಹುಡುಗನಿಗೆ ಕಲಿಸುವುದೂ ಅದೇ ಲೆಕ್ಕಕ್ಕೆ ಸೇರುತ್ತದೆ ಎಂದು ನನ್ನ ನಂಬಿಕೆ. ಈ ಟ್ರಸ್ಟಿನಿಂದ ಓದಿದವರೆಲ್ಲ ವರ್ಷಕ್ಕೆ ಒಂದು ದಿನ ಊರಿಗೆ ಬಂದು, ನಮ್ಮ ಮಿಸ್ತ್ರಿಗಳ ಜೊತೆ ಕೂತು, ಯಾವ ಸಮಾಜದ ರೈತರದೇ ಆಗಲಿ, ಪಂಪು ಮೋಟಾರುಗಳನ್ನು ಬಿಟ್ಟಿಯಾಗಿ ತಪಾಸಣೆ ಮಾಡೋಣ. ಬೇಸಿಗೆ ಬೆಳೆಗೆ ಮುಂಚೆ ಆದರೆ ಒಳ್ಳೆಯದು. ಟ್ರಸ್ಟಿನವರು ಒಪ್ಪಿದರೆ ಮೊದಲ ದಿನದ ಖರ್ಚು ನನ್ನದು. ಆ ಹೊಲದಿಂದಲೇ ಶುರು ಮಾಡಬೇಕೆಂದು ನನ್ನ ಆಸೆ. ಮೋಟಾರಿಗೆ ನೀರು ತುಂಬುವ ಕೆಲಸ ನನಗೇ ಕೊಡಿ. ಗುಳ್ಳೆ ನಿಲ್ಲುವವರೆಗೆ ಕಾಯುತ್ತೇನೆ.